ಎಡಪುಟದಲ್ಲಿ ಕಾರು, ಬಲಪುಟದಲ್ಲಿ ಕೆಟಲ್

ಜೂನ್ ೧೪, ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಜರ್ಮನಿಯ ರೆನ್ನಿಂಗೆನ್ ಊರಾಚೆಯ ಒಂದು ಗ್ಯಾರೇಜಿನಲ್ಲಿ, ಬಾನೆಟ್ ಎತ್ತಿದ ನಮ್ಮ ನೀಲಿ ಕಾರಿನ ಮುಂದೆ ನಿಂತು ಈ ಪುಟ ಶುರು ಮಾಡಿದೆ.

ಹೀಗೆ ಗಂಟೆ ಹಾಕದೆ ನನಗೆ ಏನನ್ನೂ ಬರೆಯಲು ಬರುವುದಿಲ್ಲ. ಕೂದಲು ಕತ್ತರಿಸಿಕೊಂಡ ದಿನ, ಮೊಸರು ಹೆಪ್ಪುಗಟ್ಟದೆ ಕೈಕೊಟ್ಟ ದಿನ, ಮೇಲಿನ ಮನೆಯ ಅಜ್ಜ ನಾನು ಹೇಳುವ ಮೊದಲೇ ಗುಟೆನ್ ಮಾರ್ಗೆನ್ ಎಂದು ಬೆಳಗಿನ ನಮಸ್ಕಾರ ಹೇಳಿದ ದಿನ (ಈ ವರ್ಷ ಇದುವರೆಗೆ ಒಂಬತ್ತು), ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿ ಇದೆ. ಏತಕ್ಕೆ ಎಂದು ಕೇಳಬೇಡಿ. ಕೆಲವರು ಉಗುರು ಕಚ್ಚುತ್ತಾರೆ, ನಾನು ಲೆಕ್ಕ ಇಡುತ್ತೇನೆ.

ಇಂಥವಳ ಜೊತೆ ಒಂದು ಕಾರನ್ನು ಹಂಚಿಕೊಳ್ಳುವುದು ಎಷ್ಟು ಕಷ್ಟ ಎಂಬುದು ನಾಜಿಯಾಳಿಗೆ ಗೊತ್ತು. ಅವಳು ಹುಬ್ಬಳ್ಳಿಯವಳು, ನಾನು ಮೈಸೂರಿನವಳು. ನಮಗೆ ಕೋಣೆ ಎರಡು, ಅಡುಗೆಮನೆ ಒಂದು, ಹದಿನಾಲ್ಕು ವರ್ಷ ಹಳೆಯ ಕಾರು ಒಂದು. ನಾನು ಅದರಲ್ಲಿ ನಾಲ್ಕು ಕಿಲೋಮೀಟರ್ ದೂರದ ಆಫೀಸಿಗೆ ಹೋಗುತ್ತೇನೆ. ಅವಳು ಹದಿನೈದು ದಿನಕ್ಕೊಮ್ಮೆ ನ್ಯೂರೆಂಬರ್ಗ್‌ನಲ್ಲಿ ಓದುತ್ತಿರುವ ತಂಗಿಯನ್ನು ನೋಡಿ ಬರುತ್ತಾಳೆ.

ಈ ವಸಂತದಲ್ಲಿ ಕಾರಿನ ಎಂಜಿನ್ ವಿಪರೀತ ಬಿಸಿಯಾಗತೊಡಗಿತು. ಬಿಸಿ ತೋರಿಸುವ ಮೀಟರಿನ ಮುಳ್ಳು ನಡುವಿನ ಗೆರೆ ದಾಟಿ ಕೆಂಪಿನ ಕಡೆಗೆ ವಾಲಿದಾಗಲೆಲ್ಲ, ನಾನು ಕಂಡದ್ದನ್ನೂ ನಾಜಿಯಾ ಬಂದು ಹೇಳಿದ್ದನ್ನೂ ಬರೆದಿಟ್ಟೆ: ಯಾವ ದಿನ, ಎಷ್ಟು ಗಂಟೆಗೆ, ಯಾರು ಓಡಿಸುತ್ತಿದ್ದರು. ಒಟ್ಟು ಹದಿಮೂರು ಸಲ. ಅದರಲ್ಲಿ ಹನ್ನೊಂದು ಸಲ ನಾಜಿಯಾ, ಎರಡು ಸಲ ನಾನು. ಇಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಸ್ಕೇಲ್ ಇಟ್ಟು ನಕ್ಷೆ ಬರೆದು, ಆ ಶನಿವಾರದ ಹಿಂದಿನ ಗುರುವಾರ ಊಟದ ಹೊತ್ತಿಗೆ ಅವಳ ತಟ್ಟೆಯ ಪಕ್ಕದಲ್ಲಿಟ್ಟೆ.

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನೋಡಿದಳು. “ಅಂದ್ರ ನಾ ಗಾಡಿ ಓಡಸಂಗಿಲ್ಲ, ಒಲಿ ಹಚ್ಚತೀನಿ ಅಂದಂಗಾತು.”

“ನಾನು ಹೇಳ್ತಿಲ್ಲ ಕಣೇ, ಅಂಕಿ ಹೇಳ್ತಿದೆ.”

“ಅಂಕಿಗೆ ಬಾಯಿ ಎಲ್ಲೈತಿ? ಬರದಾಕಿಗೆ ಐತಿ.”

ಕಾರಿನ ಕೀಲಿಯನ್ನು ಉಪ್ಪಿನ ಡಬ್ಬಿಯ ಪಕ್ಕದಲ್ಲಿಟ್ಟು, “ಇನ್ನ ಮ್ಯಾಲೆ ನಾ ರೈಲಿನಾಗ ಹೋಗತೀನಿ. ಗಾಡಿ ನೀನ ಇಟ್ಕೊ, ನಕ್ಷಾನೂ ನೀನ ಇಟ್ಕೊ” ಎಂದು ಕೋಣೆಗೆ ಹೋದಳು. ಜರ್ಮನಿಯ ರೈಲುಗಳು ಈಗ ಎಷ್ಟು ತಡವಾಗುತ್ತವೆಂದು ಬಲ್ಲವರಿಗೆ ಅವಳ ಸಿಟ್ಟು ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ. ಶುಕ್ರವಾರವೆಲ್ಲ ಕೀಲಿ ಉಪ್ಪಿನ ಪಕ್ಕದಲ್ಲೇ ಇತ್ತು. ನಾನು ಎರಡು ಸಲ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ.

ಶನಿವಾರ ಅವಳು ಗ್ಯಾರೇಜಿಗೆ ಬಂದದ್ದು ನನ್ನ ಮೇಲಿನ ಪ್ರೀತಿಯಿಂದಲ್ಲ. ಒಳಗೆ ಕೂತು ಆ್ಯಕ್ಸಿಲರೇಟರ್ ಒತ್ತಲು ಒಬ್ಬರು ಬೇಕಿತ್ತು. ಇಲ್ಲಿ ಬೀದಿಯಲ್ಲಿ ಕಾರು ಬಿಚ್ಚಿ ಅದರ ನೀರನ್ನು ಚರಂಡಿಗೆ ಬಿಡುವಂತಿಲ್ಲ. ಅದಕ್ಕೇ ಇಂಥ ಗ್ಯಾರೇಜುಗಳಿವೆ. ಜಾಗ, ಸ್ಪ್ಯಾನರು, ತೊಟ್ಟಿ ಅವರವು, ಕೈಮಸಿ ಮಾತ್ರ ನಮ್ಮದು. ಒಡತಿ ಫ್ರಾವ್ ಹಾಲ್ಡರ್‌ಗೆ, ಅಂದರೆ ಶ್ರೀಮತಿ ಹಾಲ್ಡರ್‌ಗೆ, ಅರವತ್ತು ದಾಟಿದೆ. ಕೇಳಿದ್ದಕ್ಕೆ ಅರ್ಧ ಉತ್ತರ ಕೊಡುವ ಹೆಂಗಸು.

ರೇಡಿಯೇಟರ್ ಮಾಡುವುದು ನನ್ನ ತಾತ ಕಾಫಿಗೆ ಮಾಡುತ್ತಿದ್ದ ಕೆಲಸವನ್ನೇ. ಕುದಿಯುವ ಕಾಫಿಯನ್ನು ಸಾಸರಿಗೆ ತೆಳ್ಳಗೆ ಹುಯ್ದು, ಉಫ್ ಎಂದು ಊದಿ, ಆರಿದ ಮೇಲೆ ಒಳಕ್ಕೆ ಬಿಡುವುದು. ಎಂಜಿನ್ನಿನ ಬಿಸಿ ನೀರು ಸಣ್ಣ ಸಣ್ಣ ಕೊಳವೆಗಳಲ್ಲಿ ತೆಳ್ಳಗೆ ಹರಡುತ್ತದೆ, ಎದುರುಗಾಳಿ ಊದುತ್ತದೆ, ಆರಿದ ನೀರು ಮತ್ತೆ ಎಂಜಿನ್ನಿಗೆ ಹೋಗುತ್ತದೆ. ಸಾಸರಿನ ಅರ್ಧಕ್ಕೆ ಗಸಿ ಕಟ್ಟಿದರೆ ತಾತನ ತುಟಿ ಸುಡುತ್ತದೆ, ಅಷ್ಟೇ.

ನಾಜಿಯಾ ಆ್ಯಕ್ಸಿಲರೇಟರ್ ಒತ್ತಿ ಎಂಜಿನ್ ಕಾಯಿಸಿದಳು. ಅದನ್ನು ಆರಿಸಿದ ಮೇಲೆ ಫ್ರಾವ್ ಹಾಲ್ಡರ್ ರೇಡಿಯೇಟರಿನ ಮೇಲೆ, ಜ್ವರ ನೋಡುವ ಹಾಗೆ, ಅಂಗೈ ಸರಿಸುತ್ತ ಹೋದರು. ನನ್ನ ಕೈಯನ್ನೂ ಹಿಡಿದು ಮುಟ್ಟಿಸಿದರು. ಮೇಲೆ ಬಿಸಿ. ನಡುವೆ ಒಂದು ತಟ್ಟೆಯಷ್ಟು ಅಗಲ ತಣ್ಣಗೆ. ಅಲ್ಲಿ ನೀರು ಹರಿಯುತ್ತಲೇ ಇಲ್ಲ.

“ಇದಕ್ಕೆ ಯಾವ ನೀರು ಹಾಕುತ್ತೀರಿ?” ಎಂದು ಜರ್ಮನ್‌ನಲ್ಲಿ ಕೇಳಿದರು.

ನನ್ನ ಜೀವಮಾನದಲ್ಲಿ ಯಾರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಹೆಮ್ಮೆಯಿಂದ ನೋಟ್‌ಬುಕ್ ಬಿಡಿಸಿದೆ. ಮೈಸೂರಿನಲ್ಲಿ ಅಪ್ಪ ಭಾನುವಾರ ಬೆಳಿಗ್ಗೆ ಸ್ನಾನಕ್ಕೆ ಮೊದಲು ಬಾನೆಟ್ ಎತ್ತಿ ಕಾರಿಗೆ ಒಂದು ಚೆಂಬು ನೀರು ಕುಡಿಸುತ್ತಿದ್ದರು. ಆ ಸದಾಚಾರವನ್ನು ನಾನು ಇಲ್ಲಿಗೂ ತಂದಿದ್ದೆ. ಎರಡು ವರ್ಷದಲ್ಲಿ ತೊಂಬತ್ತಾರು ಭಾನುವಾರ, ಪ್ರತಿಸಲ ಅರ್ಧ ಲೀಟರ್, ಅಡುಗೆಮನೆಯ ನಲ್ಲಿಯ ನೀರು. ಊರಿಗೆ ಹೋದಾಗಿನ ಎಂಟು ಭಾನುವಾರ ಮಾತ್ರ ಖಾಲಿ.

ಫ್ರಾವ್ ಹಾಲ್ಡರ್‌ಗೆ ಕನ್ನಡ ಓದಲು ಬರುವುದಿಲ್ಲ. ಆದರೆ ನಾನು ತಲೆಬರಹದ ಪಕ್ಕ ಪುಟ್ಟ ಚಿತ್ರ ಬರೆಯುತ್ತೇನೆ. ಎಡಪುಟದಲ್ಲಿ ಕಾರು. ಅವರ ಬೆರಳು ಬಲಪುಟಕ್ಕೆ ಹೋಯಿತು. “ಇದೇನು?”

“ಅದು ಕೆಟಲ್. ತಿಂಗಳಿಗೊಮ್ಮೆ ಅದರೊಳಗೆ ಕಟ್ಟಿದ ಬಿಳಿ ಸುಣ್ಣ ತೆಗೆಯುತ್ತೇನೆ. ಇಪ್ಪತ್ತನಾಲ್ಕು ಸಲ ಆಗಿದೆ.”

“ಅದೇ ನಲ್ಲಿಯ ನೀರೇ?”

“ಹೌದು,” ಎಂದೆ. ಹೇಳಿ ಮುಗಿಸುವ ಮೊದಲೇ ನನ್ನ ಕಿವಿ ಬಿಸಿಯಾಯಿತು.

“ಆಹಾ,” ಎಂದರು ಫ್ರಾವ್ ಹಾಲ್ಡರ್. ಅಷ್ಟೇ.

ಡ್ರೈವರ್ ಸೀಟಿನಿಂದ ಮೊದಲು ಕೆಮ್ಮು ಕೇಳಿತು, ಆಮೇಲೆ ನಗು. ಸ್ಟಿಯರಿಂಗಿಗೆ ಹಣೆ ಕೊಟ್ಟು ನಾಜಿಯಾ ನಗುತ್ತಿದ್ದಳು. “ಕೆಟಲ್ಲಿಗೆ ತಿಂಗಳಾ ತಿಂಗಳಾ ಸ್ನಾನ, ಗಾಡಿಗೆ ವಾರಾ ವಾರಾ ಸುಣ್ಣ! ಎಲ್ಲಾ ಬರದಿಟ್ಟೀಯಲ್ಲ ಮೇಡಮ್ಮಾ, ಒಮ್ಮೆರ ಓದೀಯೇನು?”

ಓದಿರಲಿಲ್ಲ. ಎರಡು ವರ್ಷ ಎರಡು ಪುಟಗಳು ಪುಸ್ತಕ ಮುಚ್ಚಿದಾಗಲೆಲ್ಲ ಮುಖಕ್ಕೆ ಮುಖ ತಾಗಿಸಿಕೊಂಡು ಮಲಗಿದ್ದವು. ನಾನು ಒಂದರ ವಿಷಯ ಇನ್ನೊಂದಕ್ಕೆ ಹೇಳಲಿಲ್ಲ. ಇನ್ನು ಅವಳ ಹನ್ನೊಂದಕ್ಕೆ ಕಾರಣ, ನ್ಯೂರೆಂಬರ್ಗ್ ದಾರಿಯ ಉದ್ದನೆಯ ಏರುಗಳು. ನನ್ನ ನಾಲ್ಕು ಕಿಲೋಮೀಟರಿನಲ್ಲಿ ಎಂಜಿನ್ ಆಕಳಿಸಿ ಏಳುವುದರೊಳಗೆ ಆಫೀಸು ಬಂದುಬಿಡುತ್ತದೆ.

ಹಳೆಯ ನೀರನ್ನು ತೊಟ್ಟಿಗೆ ಇಳಿಸಿ, ಸುಣ್ಣ ಕರಗಿಸುವ ದ್ರಾವಣ ತುಂಬಿ, ಹೀಟರನ್ನು ಪೂರ್ತಿ ತಿರುಗಿಸಿ ಅರ್ಧ ಗಂಟೆ ಎಂಜಿನ್ ಓಡಿಸಿದೆವು. ಜೂನ್ ತಿಂಗಳಲ್ಲಿ ಹೀಟರಿನ ಎದುರು ಬೆವರುತ್ತ ಕೂತ ಶಿಕ್ಷೆ ಈ ಸಲ ನನ್ನದು. ಎಂಜಿನ್ ಆರಿದ ಮೇಲೆ ಆ ದ್ರಾವಣವನ್ನೂ ಇಳಿಸಿ, ಪೈಪ್ ಹಿಡಿದು ಕೆಳಗಿನಿಂದ ಮೇಲಕ್ಕೆ, ಅಂದರೆ ಹಿಮ್ಮುಖವಾಗಿ ಏಳು ಸಲ ನೀರು ಹಾಯಿಸಿದೆವು. ನನ್ನ ಕೈ ಒದ್ದೆಯಾಗಿದ್ದರಿಂದ ನೋಟ್‌ಬುಕ್ ಮೊದಲ ಬಾರಿಗೆ ನಾಜಿಯಾಳ ಕೈಗೆ ಹೋಯಿತು. ಪ್ರತಿ ಸಲ ಹೊರಬಂದ ನೀರಿನ ಬಗ್ಗೆ ಅವಳ ದಾಖಲೆ ಹೀಗಿದೆ:

“ಒಂದನೇದು: ಹಳಸಿದ ಚಾ. ಎರಡನೇದು: ಚಾದಾಗ ಚೂರು ಚೂರು ಸಿಮೆಂಟ್. ಮೂರು, ನಾಕು: ಇವಳ ಮುಖದ ಬಣ್ಣ. ಐದು: ಇವಳು ಮಾಡೋ ಸಾರು. ಆರು: ಸಾರು, ನೀರು ಜಾಸ್ತಿ. ಏಳು: ಕುಡೀಬಹುದು. ಕುಡೀಬ್ಯಾಡ.”

ವಾರ ವಾರ ನಾನು ಹಾಕಿದ ನೀರು ಒಸರಿ ಹೋಗುತ್ತಿದ್ದ ಪೈಪಿನ ಪಟ್ಟಿಯನ್ನು ಫ್ರಾವ್ ಹಾಲ್ಡರ್ ಬಿಗಿ ಮಾಡಿದರು. ಇಸ್ತ್ರಿಪೆಟ್ಟಿಗೆಗೆ ಹಾಕುವ, ಸುಣ್ಣವಿಲ್ಲದ ಡಿಸ್ಟಿಲ್ಡ್ ನೀರಿಗೆ ಎಂಜಿನ್ ತಣಿಸುವ ಕೂಲೆಂಟ್ ಬೆರೆಸಿ ತುಂಬಿ, ಒಳಗಿನ ಗಾಳಿ ಬಿಟ್ಟೆವು. ಒಂದೂವರೆಗೆ ಕೀಲಿಯನ್ನು ನಾಜಿಯಾಳ ಮುಂದೆ ಹಿಡಿದೆ. “ತಪ್ಪಾಯ್ತು ಕಣೇ.”

“ದಿನಾಂಕ ಹಾಕಿ ಬರಿ,” ಎಂದಳು. ಬರೆದೆ, ಗಂಟೆಯನ್ನೂ ಹಾಕಿದೆ. ಆಮೇಲೆ ಕೀಲಿ ತೆಗೆದುಕೊಂಡಳು. ಊರ ಹಿಂದಿನ ದೊಡ್ಡ ಏರನ್ನು ಮೂರು ಸಲ ಹತ್ತಿಸಿದಳು. ಮುಳ್ಳು ನಡುವಿನ ಗೆರೆಯ ಮೇಲೆ ನಿದ್ದೆ ಹೋದ ಹಾಗೆ ಕೂತಿತ್ತು. ಸಂಜೆ ತಂಗಿಯ ಊರಿಗೆ ಹೊರಟಾಗ, ‘ಯಾರು ಓಡಿಸಿದ್ದು’ ಎಂಬ ಕಾಲಮ್ಮಿಗೆ ಅಡ್ಡಗೆರೆ ಹೊಡೆದು ‘ಯಾವ ರಸ್ತೆ’ ಎಂದು ಅವಳೇ ಬರೆದು ಹೋದಳು.

ಇದಾಗಿ ಆರು ವಾರ. ಮುಳ್ಳು ಗೆರೆ ದಾಟಿದ್ದು ಸೊನ್ನೆ ಸಲ. ಆದರೂ ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ವಾರಕ್ಕೆ ಒಂದು ಮಿಲಿಮೀಟರಿನಂತೆ ಇಳಿಯುತ್ತಿದೆ. ನೆಲದ ಮೇಲೆ ಒಂದು ಹನಿಯೂ ಇಲ್ಲ. ಅದು ಎಲ್ಲಿಗೆ ಹೋಗುತ್ತಿರಬಹುದೆಂದು ತಿಳಿದವರು ದಯವಿಟ್ಟು ಬರೆದು ತಿಳಿಸಿ. ಗಾಡಿಯ ವಯಸ್ಸು, ರಸ್ತೆ, ಹವೆ, ಏನು ಕೇಳಿದರೂ ದಿನಾಂಕದ ಸಮೇತ ಹೇಳುತ್ತೇನೆ. ಓಡಿಸಿದವರು ಯಾರು ಎಂದು ಮಾತ್ರ ಕೇಳಬೇಡಿ, ಆ ಲೆಕ್ಕ ಈಗ ನಮ್ಮಲ್ಲಿ ಇಲ್ಲ.