ನಡುವಿನ ಊರಿನ ಮನೆ

ನಿಮ್ಮ ಮನೆಯ ಗೋಡೆಗೆ ಯಾವ ಬಣ್ಣ ಹೊಡೆಸಿದ್ದೀರಿ ಎಂದು ಮೊನ್ನೆ ಒಬ್ಬರು ಕೇಳಿದರು. ನನಗೆ ಹೇಳಲು ಬರಲಿಲ್ಲ. ಅವರು ಮಾತಿಗೆ ಮಾತು ಸೇರಿಸಲು ಕೇಳಿದ್ದು. ನಾನು ಮಾತ್ರ ಸಿಕ್ಕಿಬಿದ್ದ ಕಳ್ಳನ ಹಾಗೆ ತಡವರಿಸಿದೆ. ದೀಪದ ಬೆಳಕಿಗೆ ಅದು ಹಳದಿ ಕಾಣುತ್ತದೆ. ಹಗಲಿನಲ್ಲಿ ಹೇಗಿರುತ್ತದೋ ದೇವರಿಗೆ ಗೊತ್ತು, ಇಲ್ಲವೆ ಕೆಳಗಿನ ಮನೆಯಲ್ಲಿರುವ ನಮ್ಮ ಮನೆಯೊಡತಿ ಮಂಜುಬೇನ್ ಅವರಿಗೆ ಗೊತ್ತು. ಭಾನುವಾರ ಹಗಲೆಲ್ಲ ಮನೆಯಲ್ಲೇ ಇರುತ್ತೀರಲ್ಲ ಎಂದು ನೀವು ಕೇಳಬಹುದು. ಇರುತ್ತೇವೆ, ಆದರೆ ಮಲಗಿರುತ್ತೇವೆ. ಮಲಗಿದವನಿಗೆ ಗೋಡೆ ಯಾಕೆ ಬೇಕು?

ನಾನು ಅಹಮದಾಬಾದಿನ ಹೊರಗೆ ನರೋಡಾದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕಬ್ಬಿಣ ಕಡೆಯುವ ಟರ್ನರ್. ನನ್ನ ಹೆಂಡತಿ ಸುಮಿತ್ರಾ ಸೂರತ್ತಿನಲ್ಲಿ ವಿಮಾ ಕಚೇರಿಯೊಂದರ ಟೈಪಿಸ್ಟ್. ಮನೆ ಇರುವುದು ಇವೆರಡೂ ಅಲ್ಲದ ಬರೋಡಾದಲ್ಲಿ, ಕಾಲೇಜು ಹುಡುಗರೇ ತುಂಬಿದ ಫತೇಗಂಜಿನಲ್ಲಿ. ಬೆಳಿಗ್ಗೆ ಎದ್ದು ಅವಳು ದಕ್ಷಿಣದ ಗಾಡಿ ಹಿಡಿಯುತ್ತಾಳೆ, ನಾನು ಉತ್ತರದ್ದು. ಹೀಗೆ ದಿನಾ ಹೋಗಿಬರುವುದಕ್ಕೆ ಇಲ್ಲಿಯವರು ‘ಅಪ್‌ಡೌನ್’ ಎನ್ನುತ್ತಾರೆ. ಅದನ್ನು ಅವರು ಹೇಳುವ ಧಾಟಿ, ಪಾನನಿರೋಧವಿರುವ ಈ ನಾಡಿನಲ್ಲಿ ಒಬ್ಬನಿಗೆ ಕುಡಿತವಿದೆ ಎಂದು ಹೇಳುವ ಧಾಟಿ. ಮನುಷ್ಯ ಒಳ್ಳೆಯವನೇ, ಪಾಪ, ಅಪ್‌ಡೌನ್ ಮಾಡುತ್ತಾನೆ.

ನಾವು ಈ ಊರಿಗೆ ಬಂದು ಬಿದ್ದದ್ದು ಹೇಗೆಂದು ಹೇಳಬೇಕು. ಐದನೆಯ ಇಯತ್ತೆಗೆ ಶಾಲೆ ಬಿಟ್ಟು ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ಕಬ್ಬಿಣದ ಚೂರು ಗುಡಿಸಿ ಕೆಲಸ ಕಲಿತವನು ನಾನು. ಇವತ್ತು ನರೋಡಾದಲ್ಲಿ ದೊಡ್ಡ ಲೇತಿಗೆ ನನ್ನನ್ನು ಬಿಟ್ಟು ಬೇರೆಯವರು ಕೈ ಹಚ್ಚುವುದಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮದುವೆಯಾದ ಮೇಲೆ ಸುಮಿತ್ರಾಳಿಗೆ ಸೂರತ್ತಿಗೆ ವರ್ಗವಾಯಿತು. ಅವಳೂ ಪರೀಕ್ಷೆ ಕಟ್ಟಿ, ಅಪ್ಪನ ಮಾತು ಮೀರಿ ಸಂಪಾದಿಸಿಕೊಂಡ ಕೆಲಸ ಅದು. ನೀನು ಬಿಡು ಎಂದು ನಾನು ಹೇಳಲಿಲ್ಲ, ನೀವು ಬಿಡಿರಿ ಎಂದು ಅವಳು ಹೇಳಲಿಲ್ಲ. ಇಬ್ಬರು ಬಿಗುಮಾನದ ಜನ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತ ಬಾಗಿಲಲ್ಲೇ ನಿಂತರೆ ಯಾರೂ ಒಳಗೆ ಹೋಗುವುದಿಲ್ಲ. ಕಡೆಗೆ ನಾನು ರೈಲ್ವೆ ವೇಳಾಪಟ್ಟಿಯ ಹಿಂದಿನ ನಕಾಶೆಯ ಮೇಲೆ ಅವಳ ಹೊಲಿಗೆಯ ದಾರ ಇಟ್ಟು ಅಳೆದೆ. ದಾರ ಮಡಿಸಿದರೆ ನಡು ಬರೋಡಾದ ಹತ್ತಿರ ಬಂತು. ನ್ಯಾಯವೆಂದರೆ ಹೀಗಿರಬೇಕು ಎಂದು ಹೆಮ್ಮೆಪಟ್ಟೆ. ಅಳತೆಯಲ್ಲಿ ನಾನು ತಪ್ಪುವವನಲ್ಲ.

ಅಹಮದಾಬಾದ್ ಸ್ಟೇಶನ್ನಿನ ಹತ್ತಿರ ಉಡುಪಿ ಹೋಟೆಲಿಟ್ಟಿರುವ ಭಟ್ಟರಿಗೆ ಈ ಸುದ್ದಿ ಹೇಳಿದೆ. ಅವರು ಕಾಫಿ ಲೋಟ ಕುಕ್ಕಿ ನನ್ನನ್ನೇ ನೋಡಿದರು.

“ನಿಮಗೆ ಮರ್ಲಾ ಮಾರಾಯ್ರೆ? ಮಧ್ಯದಲ್ಲಿ ಇರುದು ಅಂದ್ರೆ ಎಂಥದ್ದು? ದೋಸೆಯ ಮಧ್ಯದಲ್ಲಿ ಪಲ್ಯ ಇರ್ತದೆ. ಅದನ್ನು ಎರಡೂ ಬದಿಯಿಂದ ಮಡಚಿ ತಿಂತಾರೆ.”

ಆಗ ನಾನು ನಕ್ಕೆ. ಈಗ ಆ ಹೋಟೆಲಿನಲ್ಲಿ ಮಸಾಲೆ ದೋಸೆ ತರಿಸಲು ಮನಸ್ಸಾಗುವುದಿಲ್ಲ.

ನಕಾಶೆಯ ಮೇಲೆ ದಾರ ಮಲಗಿರುತ್ತದೆ. ಮನುಷ್ಯ ಕೂತು, ನಿಂತು, ಜೋತುಬಿದ್ದು ಹೋಗಬೇಕು. ನನ್ನ ಡಬ್ಬಿಯಲ್ಲಿ ದಿನಾ ಹೋಗಿಬರುವ ಪಾಸಿನವರು ಮೊಣಕಾಲುಗಳ ಮೇಲೆ ಟವೆಲ್ ಹಾಸಿ ಇಸ್ಪೀಟು ಆಡುತ್ತಾರೆ. ಹೆಂಗಸರ ಡಬ್ಬಿಯಲ್ಲಿ ಸುಮಿತ್ರಾ ಬರುವ ದಾರಿಯಲ್ಲೇ ಗೋರಿಕಾಯಿ ಮುರಿಯುತ್ತಾಳೆ, ಮೆಂತ್ಯದ ಸೊಪ್ಪು ಬಿಡಿಸುತ್ತಾಳೆ. ಅಡಿಗೆ ಗಾಡಿಯಲ್ಲಿ ಶುರುವಾಗುತ್ತದೆ, ನಿದ್ದೆಯೂ ಗಾಡಿಯಲ್ಲೇ ಶುರುವಾಗುತ್ತದೆ. ನಮ್ಮ ಜಗಳ ಕೂಡ ಬೆಳಿಗ್ಗೆ ಪ್ಲಾಟ್‌ಫಾರ್ಮಿನ ಮೇಲೆ ಶುರುವಾಗಿ, ಅವಳ ಗಾಡಿ ಮೊದಲು ಬರುವುದರಿಂದ ಅರ್ಧಕ್ಕೆ ನಿಲ್ಲುತ್ತದೆ. ಸಂಜೆಗೆ ಅದನ್ನು ಮುಂದುವರಿಸುವಷ್ಟು ಕಸುವು ಇಬ್ಬರಲ್ಲೂ ಉಳಿದಿರುವುದಿಲ್ಲ. ಇವರು ಎಷ್ಟು ಹೊಂದಿಕೊಂಡಿದ್ದಾರೆ ಎಂದು ನೆರೆಯವರು ಮೆಚ್ಚಿಕೊಳ್ಳುತ್ತಾರೆ.

ಚಿಕ್ಕವನಿದ್ದಾಗ ಹರಿಕಥೆಯಲ್ಲಿ ದಾಸರೊಬ್ಬರು ಚಕ್ರವಾಕ ಪಕ್ಷಿಗಳ ಕಥೆ ಹೇಳಿದ್ದರು. ಹಗಲೆಲ್ಲ ಜೋಡಿಯಾಗಿದ್ದು, ಇರುಳಾದರೆ ಹೊಳೆಯ ಒಂದೊಂದು ದಂಡೆಗೆ ಒಂದೊಂದು ಕೂತು ಅಳುತ್ತವಂತೆ. ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದರು. ಈಗ ನನಗೆ ಆ ಪಕ್ಷಿಗಳ ಮೇಲೆ ಹೊಟ್ಟೆಕಿಚ್ಚು. ನಡುವೆ ಇದ್ದದ್ದು ಒಂದೇ ಹೊಳೆ. ನಮ್ಮ ನಡುವೆ ಅವಳ ಕಡೆ ನರ್ಮದೆ, ನನ್ನ ಕಡೆ ಮಹೀ ನದಿ. ಮೇಲಾಗಿ ಅವಕ್ಕೆ ರಾತ್ರಿ ಅಳುವುದಕ್ಕೆ ಎಚ್ಚರವಾದರೂ ಇರುತ್ತಿತ್ತು.

ಇದೆಲ್ಲ ಸಹಿಸಿಕೊಂಡಿದ್ದೆವು. ಸೋಲಿಸಿದ್ದು ಮೊಸರು. ನಮ್ಮ ಕಡೆಯ ಮಂದಿಗೆ ಮೊಸರಿಲ್ಲದ ಊಟ ಊಟವಲ್ಲ, ಮತ್ತು ಮೊಸರಿಗೆ ಮನೆಯಲ್ಲಿ ಒಬ್ಬರು ಇರಬೇಕು. ಹಾಲು ಬಂದಾಗ ಕಾಸಬೇಕು, ಬೆಚ್ಚಗಾದಾಗ ಹೆಪ್ಪು ಹಾಕಬೇಕು, ಗಟ್ಟಿಯಾದಾಗ ತಂಪಿಗೆ ಎತ್ತಿಡಬೇಕು. ನಾವು ಬರುವ ಹೊತ್ತಿಗೆ ಅದು ಹುಳಿಯಾಗಿ ನೀರು ಬಿಟ್ಟಿರುತ್ತಿತ್ತು. ಮಾರನೆಯ ದಿನ ಹೆಪ್ಪಿಗೂ ಉಳಿಯುತ್ತಿರಲಿಲ್ಲ. ಸುಮಿತ್ರಾ ಮತ್ತೆ ಮತ್ತೆ ಬಟ್ಟಲು ಹಿಡಿದು ಕೆಳಗೆ ಹೋಗುವುದನ್ನು ನೋಡಿ ಮಂಜುಬೇನ್ ಒಂದು ದಿನ ಬಟ್ಟಲನ್ನೇ ಇಸಿದುಕೊಂಡರು. ತಮ್ಮ ಗುಜರಾತಿ ಬೆರೆಸಿದ ಹಿಂದಿಯಲ್ಲಿ ಅವರು ಹೇಳಿದ್ದು ಇಷ್ಟು: “ಬೇಟಿ, ನಿನ್ನ ಹೆಪ್ಪನ್ನು ನಾನು ಸಾಕುತ್ತೇನೆ. ರವಿವಾರ ಬಂದು ತಗೊಂಡು ಹೋಗು.” ಬೇರೆ ಹೆಂಗಸರು ಮಕ್ಕಳನ್ನು ನೆರೆಮನೆಯಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಾರೆ. ನಾವು ಹೆಪ್ಪು ಬಿಟ್ಟು ಹೋದೆವು. ಮಕ್ಕಳ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ.

ಈ ಮಳೆಗಾಲದಲ್ಲಿ ಸುಮಿತ್ರಾ ಜ್ವರ ಹಿಡಿದು ಮಲಗಿದಳು. ಎದ್ದ ಮೇಲೆ ಗೋಡೆಯ ಕಡೆ ನೋಡುತ್ತ ಹೇಳಿದಳು: “ಸೂರತ್ತಿನಾಗ ಹೆಣ್ಣಮಕ್ಕಳ ಹಾಸ್ಟೆಲಿನಾಗ ಒಂದು ಮಂಚ ಖಾಲಿ ಅದರೀ. ಶನಿವಾರ ಸಂಜಿಗೆ ಬರತೇನಿ, ಸೋಮವಾರ ಮುಂಜಾನೆ ಹೋಗತೇನಿ.”

ನಾನು ಕೇಳಬೇಕಾದ ಪ್ರಶ್ನೆಗಳು ಬಹಳ ಇದ್ದವು. ಕೇಳಿದ್ದು ಒಂದೇ: “ಹಾಸಿಗೆ ಅವರೇ ಕೊಡತಾರೋ, ಇಲ್ಲಿಂದ ಒಯ್ಯಬೇಕೋ?”

“ಒಯ್ಯಬೇಕು.”

ಇದ್ದವುಗಳಲ್ಲಿ ಒಳ್ಳೆಯದನ್ನು ಸುತ್ತಿ, ಹಗ್ಗ ಬಿಗಿದು ಕೊಟ್ಟೆ. ಗಂಟು ಹಾಕುವುದರಲ್ಲೂ ನಾನು ತಪ್ಪುವವನಲ್ಲ.

ಮೊದಲ ಶನಿವಾರ ಸ್ಟೇಶನ್ನಿಗೆ ಹೋಗಿ ಕಾದೆ. ಗಾಡಿಯಿಂದ ಇಳಿದ ಹೆಂಗಸನ್ನು ಒಂದು ಗಳಿಗೆ ಗುರುತಿಸಲಿಲ್ಲ. ಕಣ್ಣ ಕೆಳಗಿನ ಕಪ್ಪು ಹೋಗಿತ್ತು. ಜಡೆ ಅಚ್ಚುಕಟ್ಟಾಗಿತ್ತು. ವಾರವಿಡೀ ಹೊಟ್ಟೆತುಂಬ ಉಂಡು ಕಣ್ಣುತುಂಬ ನಿದ್ದೆ ಮಾಡಿದವರ ಮುಖ. ನನ್ನನ್ನು ಕಂಡಕೂಡಲೆ ಅವಳು ತುಸು ಬಾಗಿ, ಕೈಚೀಲ ಭಾರವಾದಂತೆ ಮಾಡಿ, ದಣಿದವರ ಹಾಗೆ ನಡೆಯತೊಡಗಿದಳು. ಚೀಲ ಇಸಿದುಕೊಂಡರೆ ಅದರಲ್ಲಿ ಒಂದು ಸೀರೆ ಮತ್ತು ಸೂರತ್ತಿನ ಘಾರಿ ಮಿಠಾಯಿಯ ಪೊಟ್ಟಣ ಬಿಟ್ಟು ಏನೂ ಇರಲಿಲ್ಲ. ಚೆನ್ನಾಗಿರುವುದಕ್ಕೆ ನನ್ನೆದುರು ನಾಚಿಕೊಳ್ಳುವ ಹೆಂಡತಿಯನ್ನು ನೋಡಿದ ಮೇಲೆ, ನನ್ನ ದಾರದ ನ್ಯಾಯ ಎಂಥದ್ದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಲೇತಿನಲ್ಲಿ ಉದ್ದನೆಯ ಸರಳನ್ನು ಎರಡು ತುದಿಗೆ ಹಿಡಿದು ತಿರುಗಿಸಿದರೆ ಅದು ನಡುವಿನಲ್ಲಿ ಜೋಲುತ್ತದೆ. ಅದಕ್ಕೇ ನಡುವೆ ಒಂದು ಆಧಾರ ಕೊಡುತ್ತೇವೆ. ಇದು ಹೊಸ ಹುಡುಗನಿಗೂ ಗೊತ್ತು. ಒಂದು ತುದಿಯ ಹಿಡಿತ ಬಿಟ್ಟ ಮೇಲೆ ಬರೀ ಆಧಾರ ನೆಚ್ಚಿಕೊಂಡು ಯಂತ್ರ ನಡೆಸುವವನನ್ನು ಮಾತ್ರ ನಾನು ನೋಡಿಲ್ಲ. ಈಗ ಕನ್ನಡಿಯಲ್ಲಿ ನೋಡುತ್ತಿದ್ದೇನೆ. ಸುಮಿತ್ರಾ ಸೂರತ್ತಿನಲ್ಲೇ ಇದ್ದಾಳೆ. ಬರೋಡಾ ಯಾವುದಕ್ಕೂ ನಡುವಲ್ಲ. ಆದರೂ ನಾನು ದಿನಾ ಗಾಡಿ ಹಿಡಿದು ಖಾಲಿ ಮನೆಗೆ ಬರುತ್ತೇನೆ, ಬೀಗ ತೆಗೆಯುತ್ತೇನೆ, ಹಳದಿಯೋ ಏನೋ ಆದ ಗೋಡೆಗೆ ಬೆನ್ನು ಕೊಟ್ಟು ಒಣರೊಟ್ಟಿ ತಿನ್ನುತ್ತೇನೆ. ಹೆಂಡತಿ ಇಲ್ಲದ ಊರಿಗೆ ಯಾಕೆ ಹೋಗುತ್ತೀ ಎಂದು ಇಸ್ಪೀಟಿನವರು ಕೇಳುವುದನ್ನು ಬಿಟ್ಟಿದ್ದಾರೆ. ಅದು ಕೇಳುವುದಕ್ಕಿಂತ ಕೆಟ್ಟದ್ದು.

ಹೋದ ಭಾನುವಾರ ಅನ್ನಕ್ಕೆ ಮೊಸರು ಬಡಿಸುತ್ತ ಸುಮಿತ್ರಾ ಅಂದಳು: “ನೀವು ನರೋಡಾದಾಗ ಒಂದು ಖೋಲಿ ಹಿಡೀಬಾರದೇನ್ರೀ? ಇಲ್ಲಿ ಯಾರ ಸಲುವಾಗಿ ಬರತೀರಿ?”

“ಮತ್ತ ನೀ ಶನಿವಾರ ಎಲ್ಲಿಗೆ ಬರತಿ?”

“ನರೋಡಾಕ್ಕ ಬರತೇನಿ.”

“ಅಷ್ಟು ದೂರ?”

“ವಾರಕ್ಕೊಮ್ಮೆ ದೂರ ಅನ್ನಸೂದಿಲ್ಲ. ದಿನಾ ಬಂದರ ಹತ್ತಿರದ್ದೂ ದೂರನ.”

ಎಷ್ಟು ಸುಲಭವಾಗಿ ಹೇಳಿದಳು. ದಾರ ಹಿಡಿದು ಕೂತ ದಿನ ನನಗೆ ಇದು ಹೊಳೆದಿರಲಿಲ್ಲ. ನನ್ನ ಊರಿಗೆ ಅವಳನ್ನು ಎಳೆಯಬಾರದೆಂದು ನಾನು ಎಷ್ಟು ಜಾಗರೂಕನಾಗಿದ್ದೆನೆಂದರೆ, ಕರೆದರೆ ಬಂದಾಳು ಎಂಬುದನ್ನೇ ಮರೆತಿದ್ದೆ. ಆದರೆ ಹೂಂ ಎಂದರೆ ಈ ಮನೆ ಹೋಯಿತು. ಮನೆಯೇ ಅಲ್ಲದ್ದನ್ನು ಕಳೆದುಕೊಳ್ಳಲು ಇಷ್ಟು ಕಷ್ಟವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಮೊಸರು ಚೆನ್ನಾಗಿದೆ ಎಂದೆ.

ಸೋಮವಾರ ಬೆಳಿಗ್ಗೆ ಹೆಪ್ಪಿನ ಬಟ್ಟಲು ಒಪ್ಪಿಸಲು ಕೆಳಗೆ ಹೋದೆ. ಮಂಜುಬೇನ್ ಅದನ್ನು ಬೆಳಕಿಗೆ ಹಿಡಿದು ನೋಡಿದರು.

“ಭಾಯ್, ಆರು ದಿನ ನನ್ನ ಹಾಲು ಕುಡಿಯುತ್ತದೆ, ಒಂದು ದಿನ ನಿಮ್ಮದು. ಇದಿನ್ನೂ ನಿಮ್ಮ ಹೆಪ್ಪು ಅನ್ನುತ್ತೀಯಾ?”

ಅವರು ತಮಾಷೆಗೇ ಹೇಳಿದ್ದು. ನಾನೂ ನಕ್ಕು ಹೊರಬಿದ್ದೆ. ಸುಮಿತ್ರಾಳನ್ನು ಗಾಡಿ ಹತ್ತಿಸಿ, ಅವಳ ಕೈ ಕಿಟಕಿಯಲ್ಲಿ ಕಾಣುವಷ್ಟು ಹೊತ್ತು ನಿಂತಿದ್ದೆ. ನನ್ನ ಪಾಸು ಅವತ್ತಿಗೆ ಮುಗಿಯುತ್ತಿತ್ತು. ಟಿಕೀಟು ಕಿಟಕಿಯ ಬಾಬುವಿಗೆ ನಾನು ಹಳಬ. ಯಾವತ್ತೂ ಮೂರು ತಿಂಗಳದ್ದನ್ನೇ ಮಾಡಿಸುವವನು. ತಲೆ ಎತ್ತದೆ ಕೇಳಿದ: ಎಲ್ಲಿಂದ, ಎಲ್ಲಿಗೆ? ಹೇಳಿದೆ. ಪಾಸಿನಲ್ಲಿ ಆ ಎರಡಕ್ಕೆ ಜಾಗವಿರುತ್ತದೆ. ನೀನು ಇರುವುದು ಎಲ್ಲಿ ಎಂದು ರೈಲಿನವರು ಈವರೆಗೆ ಕೇಳಿಲ್ಲ. ಅವರ ಸೌಜನ್ಯ ದೊಡ್ಡದು.

“ಮೂರು ತಿಂಗಳದ್ದು ತಾನೆ?” ಎಂದು ಬರೆಯಲು ಹೊರಟ.

“ಈ ಸಲ ಒಂದು ತಿಂಗಳದ್ದು ಸಾಕು” ಎಂದೆ.