ಭೀಮನಿಗೆ ಕಡಿಯಲೊಂದು ಪದಾರ್ಥ

ನಾಯಿಗಳು ಯಾವಾಗಲೂ ಎಡಗಾಲಿನ ಚಪ್ಪಲಿಯನ್ನೇ ಆರಿಸಿ ಕಡಿಯುವುದರ ಹಿಂದೆ ಏನೋ ಒಂದು ಒಳಸಂಚು ಇದೆಯೆಂದು ನನಗೆ ಬಹುಕಾಲದ ಗುಮಾನಿ. ಎರಡನ್ನೂ ಕಡಿದರೆ ಮನುಷ್ಯ ಹೊಸ ಜೋಡಿ ಕೊಂಡು ನೆಮ್ಮದಿಯಾಗಿ ಇದ್ದುಬಿಡುತ್ತಾನೆ. ಒಂದನ್ನೇ ಕಡಿದರೆ ಉಳಿದದ್ದನ್ನು ಮೆಟ್ಟಲೂ ಆಗದೆ ಬಿಸಾಡಲೂ ಮನಸ್ಸು ಬಾರದೆ ವರ್ಷಗಟ್ಟಲೆ ಮಂಚದ ಕೆಳಗಿಟ್ಟುಕೊಂಡು ಕೊರಗುತ್ತಾನೆ. ಈ ಸೂಕ್ಷ್ಮವನ್ನು ಅರಿತೇ ಅವು ಹಾಗೆ ಮಾಡುತ್ತವೆ. ನೀವು ನಗಬಹುದು. ಆದರೆ ಅರವತ್ತರ ದಶಕದ ಆರಂಭದಲ್ಲಿ, ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸಿನ ನಮ್ಮ ಮನೆಯ ಮಂಚದ ಕೆಳಗೆ ಬಗ್ಗಿ ನೋಡಿ, ಅಲ್ಲಿ ಸಾಲಾಗಿ ಕುಳಿತಿದ್ದ ನಾಲ್ಕು ಬಲಗಾಲಿನ ಚಪ್ಪಲಿಗಳನ್ನು ಕಂಡಿದ್ದರೆ ನಿಮಗೂ ನನ್ನಂತೆಯೇ ಅನ್ನಿಸುತ್ತಿತ್ತು.

ಅನುಮಾನವೆಂಬುದು ನನಗೆ ಹುಟ್ಟುಗುಣವೋ ವೃತ್ತಿಗುಣವೋ ಹೇಳುವುದು ಕಷ್ಟ. ಕಾರ್ಖಾನೆಯಲ್ಲಿ ನಾನು ತಪಾಸಣೆ ವಿಭಾಗದವನು. ಬೇರೆಯವರು ಬೆವರು ಸುರಿಸಿ ಕಡೆದು ಕೊಟ್ಟ ಲೋಹದ ಬಿಡಿಭಾಗಗಳನ್ನು ಅಳೆದು, ತಿರುಗಿಸಿ, ಬೆಳಕಿಗೆ ಹಿಡಿದು, ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಪಕ್ಕಕ್ಕೆ ತಳ್ಳುವುದು ನನ್ನ ಉದ್ಯೋಗ. ಅಂದರೆ ಯಾರನ್ನೂ ನಂಬದಿರುವುದಕ್ಕಾಗಿಯೇ ನನಗೆ ಸಂಬಳ. ಸಂಜೆ ಸೈರನ್ ಕೂಗಿದ ಕೂಡಲೇ ಈ ಸದ್ಗುಣವನ್ನು ಗೇಟಿನಲ್ಲಿ ಬಿಟ್ಟುಬರುವ ಕಲೆ ನನಗೆ ಸಿದ್ಧಿಸಿರಲಿಲ್ಲ. ಹಾಲಿನವನು ಬಂದರೆ ಹಾಲಿಗೆ ಬೆರಳದ್ದಿ ನೋಡುತ್ತಿದ್ದೆ, ಬದನೆಕಾಯಿಯನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತಿದ್ದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನನ್ನ ಹೆಂಡತಿ ಶಾರದೆ ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು. ಗೋಡೆಗೆ ಹೇಳಿದ ಮಾತು ಯಾರಿಗೆ ತಲುಪಬೇಕೆಂಬುದು ಗೃಹಸ್ಥರಾದ ನಿಮಗೆ ತಿಳಿದೇ ಇದೆ.

ಭೀಮ ನಮ್ಮ ಮನೆಗೆ ಬಂದದ್ದು ಕ್ಯಾಂಟೀನಿನ ಹಿಂಭಾಗದಿಂದ, ನನ್ನ ಸೈಕಲ್ಲಿನ ಹಿಂದೆ ಓಡೋಡಿ. ಮಹಾಭಾರತದ ಭೀಮನಿಗೆ ವೃಕೋದರನೆಂದು ಹೆಸರು, ತೋಳದ ಹೊಟ್ಟೆಯವನು ಎಂದು. ಬಂಡಿ ತುಂಬ ಅನ್ನ ತಿಂದು ಅರಗಿಸಿಕೊಂಡವನು. ನಮ್ಮ ಭೀಮನಿಗೆ ಹೆಸರೊಂದೇ ದಕ್ಕಿತು, ಉದರ ದಕ್ಕಲಿಲ್ಲ. ಒಂದು ಹಿಡಿ ಮೊಸರನ್ನ ಹೆಚ್ಚಾದರೂ ಮೂಲೆ ಹಿಡಿದು ಬೆನ್ನು ಬಿಲ್ಲಾಗಿಸಿ ನಿಲ್ಲುತ್ತಿತ್ತು. ಹೆಬ್ಬಾಳದ ಕಡೆ ಒಬ್ಬ ದನದ ಡಾಕ್ಟರಿದ್ದರು. ನಾಯಿಯನ್ನು ಬಸ್ಸಿಗೆ ಹತ್ತಿಸುವಂತಿಲ್ಲವಾದ್ದರಿಂದ ಯಶವಂತಪುರದಿಂದ ಜಟಕಾ ಮಾಡಿಕೊಂಡು, ಮತ್ತಿಕೆರೆಯ ಮೇಲೆ ಹಾದು ಅವರ ಬಳಿ ಹೋದೆವು. ಅವರು ಹೊಟ್ಟೆಯನ್ನು ಒತ್ತಿ ಒತ್ತಿ ನೋಡಿ, "ಕರುಳಿನ ಊತ ಸ್ವಾಮಿ. ವಾಸಿಯಾಗೋ ಕಾಯಿಲೆ ಅಲ್ಲ, ಸಂಭಾಳಿಸ್ಕೊಂಡು ಹೋಗೋ ಕಾಯಿಲೆ. ಗಂಜಿ, ಬೇಯಿಸಿದ ಕುಂಬಳಕಾಯಿ, ಅಷ್ಟೇ. ರಕ್ತ ಬೀಳೋ ಹಾಗೆ ಮಾತ್ರ ಮಾಡ್ಕೋಬೇಡಿ," ಎಂದರು.

ಹೊಟ್ಟೆಗೆ ಗಂಜಿಯಾಯಿತು, ಹಲ್ಲಿಗೆ? ಹೊಟ್ಟೆ ಬಡವಾದರೂ ಭೀಮನ ಹಲ್ಲು ಮಾತ್ರ ಚಕ್ರವರ್ತಿಯ ಹಲ್ಲು. ಚಪ್ಪಲಿಗಳಾದ ಮೇಲೆ ಬಾಗಿಲ ಚೌಕಟ್ಟು, ಅದಾದ ಮೇಲೆ ಶಾರದೆಯ ಹೊಲಿಗೆ ಯಂತ್ರದ ಪಟ್ಟಿ, ಅದಾದ ಮೇಲೆ ಹೊಸ ಪಂಚಾಂಗದಲ್ಲಿ ಶ್ರಾವಣದಿಂದ ಕಾರ್ತಿಕದವರೆಗೆ. ಕಡಿದದ್ದೆಲ್ಲ ಒಳಗೆ ಹೋಗಿ ಹೊಟ್ಟೆ ಕೆಡಿಸುತ್ತಿತ್ತು. ಕಡಿಯಲು ಯೋಗ್ಯವಾದ ಒಂದು ಪದಾರ್ಥವನ್ನು ನೀವೇ ಕೊಡದಿದ್ದರೆ ಅದು ಅಯೋಗ್ಯವಾದದ್ದನ್ನು ಹುಡುಕಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿ, ಲಕ್ಷಣಗಳನ್ನೂ ತಿಳಿಸಿದರು: ಉಗುರಿನಿಂದ ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದದ್ದು ಹಲ್ಲು ಮುರಿಯುತ್ತದೆ, ಸಿಬಿರೇಳುವಂಥದು ಕರುಳು ಕೊಯ್ಯುತ್ತದೆ, ತೀರ ಚಿಕ್ಕದು ಗಂಟಲಿಗೆ ಕೂರುತ್ತದೆ; ಉಪ್ಪು, ಖಾರ, ಎಣ್ಣೆ ಸೋಕಕೂಡದು. ಅಳತೆಗೋಲು ಸಿಕ್ಕಿದ್ದೇ ತಡ, ನನ್ನೊಳಗಿನ ತಪಾಸಣಾಧಿಕಾರಿ ಮೈಕೊಡವಿ ಎದ್ದು ಕುಳಿತ.

ನಮ್ಮ ಊರಿನಲ್ಲಿ ಸಾಲ ಕೇಳಿದರೆ ಮುಖ ತಿರುಗಿಸುವವರೂ ಸಲಹೆ ಕೇಳಿದರೆ ಚಾಪೆ ಹಾಸಿ ಕೂರಿಸುತ್ತಾರೆ. ಸಹೋದ್ಯೋಗಿಯೊಬ್ಬರು ಸಾರಿನಲ್ಲಿ ಬೆಂದ ಮೂಳೆ ಕಳುಹಿಸುತ್ತೇನೆಂದರು. ಬೆಂದ ಮೂಳೆ ಸೂಜಿಯಂತೆ ಸೀಳುತ್ತದೆಂದು ನಾನು ಒಪ್ಪಲಿಲ್ಲ. ನಮ್ಮಮ್ಮ ಒಪ್ಪದಿರಲು ಬೇರೆ ಕಾರಣಗಳಿದ್ದವು. ಚಮ್ಮಾರನಿಂದ ತೊಗಲಿನ ತುಂಡು ತಂದೆ. ಹದಮಾಡುವಾಗ ಅದಕ್ಕೆ ಏನೇನು ಬಳಿದಿದ್ದಾರೋ ಎಂಬ ಶಂಕೆ ಹುಟ್ಟಿ ಹಿಂದಿರುಗಿಸಿದೆ. ಯಶವಂತಪುರದಲ್ಲಿ ಎತ್ತುಗಳಿಗೆ ಲಾಳ ಕಟ್ಟುವ ಸಾಬಿಯೊಬ್ಬ ಗೊರಸಿನ ಹೆರಕಲುಗಳನ್ನು ಬೊಗಸೆ ತುಂಬ ಕೊಟ್ಟು, "ನಾಯಿಗೋಳು ಇದಕ್ಕೆ ಪ್ರಾಣ ಬಿಡ್ತಾವೆ ಸಾಮಿ," ಎಂದ. ಬದುಕಿರುವ ಎತ್ತಿನ ಉಗುರಾದ್ದರಿಂದ ಹಿಂಸೆಯ ದೋಷವಿಲ್ಲವೆಂದು ಅಮ್ಮ ಧರ್ಮಸೂಕ್ಷ್ಮ ಬಿಡಿಸಿ ಅನುಮತಿಯಿತ್ತರು. ನನಗೋ, ಪ್ರಾಣ ಬಿಡುತ್ತವೆ ಎಂಬ ಅವನ ಮಾತಿನ ಮೇಲೆಯೇ ಗುಮಾನಿ. ಉಗುರಿನಿಂದ ಒತ್ತಿ ನೋಡಿದೆ. ನನ್ನ ಉಗುರೇ ಮುರಿಯಿತು.

ಕೊನೆಗೆ ದಾರಿ ತೋರಿಸಿದವರು ಅಮ್ಮ. ಭೀಮ ಬಂದ ಹೊಸದರಲ್ಲಿ ಹೊಸಿಲು ದಾಟಿದರೆ ಜಾಗ ತೊಳೆಯುತ್ತಿದ್ದವರು, ಈಗ ಮಧ್ಯಾಹ್ನವೆಲ್ಲ ಹಿತ್ತಲ ಕಲ್ಲಿನ ಮೇಲೆ ಕುಳಿತು ಅದರೊಡನೆ ಮನೆಯ ಸಮಾಚಾರಗಳನ್ನೆಲ್ಲ ಚರ್ಚಿಸುವ ಹಂತಕ್ಕೆ ಬಂದಿದ್ದರು. ಅವರು ಗೆಣಸನ್ನು ಹದವಾಗಿ ಬೇಯಿಸಿ, ಹೆಬ್ಬೆರಳ ದಪ್ಪಕ್ಕೆ ಉದ್ದುದ್ದ ಸೀಳಿ, ಮೊರದಲ್ಲಿ ಹರಡಿ, ಸಂಡಿಗೆಯ ಪಕ್ಕದಲ್ಲೇ ಬಿಸಿಲಿಗಿಟ್ಟರು. ನಾಲ್ಕು ದಿನದಲ್ಲಿ ಅದು ತೊಗಲಿನಂತೆ ಬಾಗುವ, ಮುರಿಯದ, ಸೀಳದ ಒಂದು ವಸ್ತುವಾಯಿತು. ಭೀಮ ಒಂದು ತುಂಡನ್ನು ಮುಂಗಾಲುಗಳ ನಡುವೆ ಹಿಡಿದು ಅರ್ಧ ಗಂಟೆ ಅಗಿಯಿತು. ಹದಿನೈದು ದಿನ ಹೊಟ್ಟೆ ಸರಿಯಾಗಿತ್ತು, ಮೈ ತುಂಬಿಕೊಂಡಿತು. ಚಪ್ಪಲಿಗಳು ಜೋಡಿಯಾಗಿ ಬಾಳತೊಡಗಿದವು.

ಸುಖ ಬಂದರೆ ಅದನ್ನು ಅನುಭವಿಸುವುದು ಬಿಟ್ಟು ತಿರುಗಿಸಿ ನೋಡುವುದು ನನ್ನ ಜಾತಕ. ಒಂದು ತುಂಡಿನ ಅಂಚು ಒಣಗಿ ಚೂಪಾಗಿದ್ದುದನ್ನು ಕಂಡೆ. ಅಮ್ಮನಿಗೆ ಹೇಳಿದರೆ, "ಕತ್ತರಿಯಲ್ಲಿ ಕತ್ತರಿಸಿ ಕೊಡೋ," ಎಂದರು. ಕತ್ತರಿ! ಅಳತೆಯಿಲ್ಲದ ಆಯುಧ! ಮರುದಿನದಿಂದ ಗೆಣಸಿನ ತುಂಡುಗಳನ್ನು ಊಟದ ಡಬ್ಬಿಯೊಡನೆ ಕಾರ್ಖಾನೆಗೆ ಒಯ್ಯತೊಡಗಿದೆ. ಊಟದ ಬಿಡುವಿನಲ್ಲಿ ಒಂದೊಂದನ್ನೂ ಬೆಂಚಿಗೆ ಬಿಗಿದ ವೈಸೆಂಬ ಇಕ್ಕಳದಲ್ಲಿ ಕಚ್ಚಿಸಿ, ಬಿಗಿದು, ಸೀಳುತ್ತದೆಯೇ ಎಂದು ಪರೀಕ್ಷಿಸಿ, ಸಣ್ಣ ಅರದಿಂದ ಅಂಚನ್ನು ಉಜ್ಜಿ ದುಂಡಗೆ ಮಾಡಿ, ಪಾಸಾದವನ್ನು ಯಂತ್ರದ ಪಕ್ಕದಲ್ಲಿ ಸದಾ ಬಿದ್ದಿರುತ್ತಿದ್ದ ವೇಸ್ಟ್ ಬಟ್ಟೆಯಲ್ಲಿ ಗಂಟು ಕಟ್ಟಿ ತರುತ್ತಿದ್ದೆ. ಗೇಟಿನ ಕಾವಲುಗಾರ ಒಮ್ಮೆ ಗಂಟು ಬಿಚ್ಚಿಸಿ, ಒಂದು ತುಂಡನ್ನು ಮೇಜಿಗೆ ಕುಟ್ಟಿ, "ಇದ್ಯಾವ ಮಿಷಿನ್ದು ಸಾರ್ ಪಾರ್ಟು?" ಎಂದು ಕೇಳಿದ. ನಾಯಿಯದೆಂದೆ. ಅವನು ನನ್ನನ್ನು ನೋಡಿದ ನೋಟದಲ್ಲಿ, ನಾನು ಇತರರನ್ನು ದಿನವೂ ಹೇಗೆ ನೋಡುತ್ತೇನೆಂಬುದು ನನಗೆ ಮೊದಲ ಸಲ ತಿಳಿಯಿತು, ತಿಳಿದೂ ತಿದ್ದಿಕೊಳ್ಳಲಿಲ್ಲ. ಆ ಗಂಟನ್ನು ನನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಸಂಜೆ ಅಂಗಿ ಬದಲಿಸುವುದಕ್ಕೂ ಮುಂಚೆ ನನ್ನ ಕೈಯಾರೆ ಒಂದು ತುಂಡು ಕೊಟ್ಟರೇ ನನಗೆ ಸಮಾಧಾನ.

ಹತ್ತು ದಿನ ಕಳೆಯುವುದರೊಳಗೆ ಭೀಮ ವಾಂತಿ ಮಾಡಿಕೊಂಡಿತು. ಆಮೇಲೆ ರಕ್ತ ಬಿತ್ತು. ಡಾಕ್ಟರ ಬಳಿಗೆ ಓಡಿದೆ. ಅವರು ಬಿಳಿಯ ಔಷಧವೊಂದನ್ನು ಕೊಟ್ಟು, ಇನ್ನೊಂದು ಸಲ ಹೀಗಾದರೆ ಈ ನಾಯಿ ಉಳಿಯುವುದಿಲ್ಲ, ತನ್ನ ಕೈಲಿಲ್ಲ ಎಂದರು.

ನನಗೆ ಆ ನಾಯಿಯ ಮೇಲೆ ಎಷ್ಟು ಪ್ರೀತಿಯಿತ್ತೆಂದು ಗೊತ್ತಾದದ್ದೇ ಅಂದು. ಪ್ರೀತಿ ಹೆಚ್ಚಿದಾಗ ಕೆಲವರು ಅಳುತ್ತಾರೆ, ಕೆಲವರು ಹರಕೆ ಹೊರುತ್ತಾರೆ. ನಾನು ಅಪರಾಧಿಯನ್ನು ಹುಡುಕತೊಡಗಿದೆ. ನನ್ನ ತರ್ಕ ಬಹಳ ಗಟ್ಟಿಯಾಗಿತ್ತು: ಗಟ್ಟಿತನ ಸರಿಯಿದೆ, ಅಂಚು ಸರಿಯಿದೆ, ಬೀಗ ಸರಿಯಿದೆ, ಆದ್ದರಿಂದ ದೋಷ ನನ್ನ ಕೈಗೆ ಬರುವ ಮುಂಚೆಯೇ ಆಗಿದೆ. ಹಾಲಿನವನಿಗೆ ಹಿತ್ತಲ ಬಾಗಿಲಿಗೆ ಬರಕೂಡದೆಂದೆ. ಪಕ್ಕದ ಮನೆಯವರು ಬೇಲಿಯ ಮೇಲಿಂದ ಚಕ್ಕುಲಿ ಎಸೆಯುತ್ತಾರೆಂದು ಎರಡು ಭಾನುವಾರ ಕಿಟಕಿಯಲ್ಲಿ ಕಾದೆ. ಕೊನೆಗೆ ಸುತ್ತಿ ಸುತ್ತಿ ಅನುಮಾನ ಮೊರದ ಬಳಿ ಬಂದು ನಿಂತಿತು. ಐವತ್ತು ವರ್ಷ ಸಂಡಿಗೆ ಮಾಡಿದ ಕೈ, ಅಭ್ಯಾಸಬಲದಿಂದ ಗೆಣಸಿಗೂ ಉಪ್ಪು, ಇಂಗು, ಒಂದಿಷ್ಟು ಹಸಿಮೆಣಸಿನಕಾಯಿ ಹಾಕಿಬಿಟ್ಟಿರಬಹುದಲ್ಲವೇ?

ಕೇಳಿಯೇಬಿಟ್ಟೆ. ಅಮ್ಮ ಮೊರದ ಮೇಲಿಂದ ಕೈ ತೆಗೆದರು. "ನಾಯಿಗೆ ಏನ್ ಹಾಕ್ಬೇಕು, ಏನ್ ಹಾಕ್ಬಾರ್ದು ಅಂತ ನಂಗೊತ್ತಿಲ್ವೇನೋ? ನನ್ನ ಕೈ ಮೇಲೇ ಅನುಮಾನ ಬಂತಾ ನಿಂಗೆ?" ಎಂದರು. ಮೊರವನ್ನು ಗೋಡೆಗೆ ಒರಗಿಸಿ ಒಳಗೆ ಹೋದರು. ಅಂದಿನಿಂದ ಗೆಣಸು ಒಣಗುವುದು ನಿಂತಿತು, ನನ್ನೊಡನೆ ಮಾತೂ ನಿಂತಿತು. ಟ್ರಂಕಿನಲ್ಲಿ ಹಳೆಯ ಗಂಟು ಇನ್ನೂ ಇತ್ತು. ಭೀಮ ಚೇತರಿಸಿಕೊಳ್ಳುತ್ತಲೇ ಮತ್ತೆ ಚೌಕಟ್ಟಿಗೆ ಬಾಯಿ ಹಾಕಿದ್ದನ್ನು ಕಂಡು, ಉಗುರಿನಿಂದ ಒತ್ತಿ, ನಾಲಗೆಯ ತುದಿಗೆ ಮುಟ್ಟಿಸಿ ಉಪ್ಪಿಲ್ಲವೆಂದು ಖಚಿತಪಡಿಸಿಕೊಂಡು, ಆ ಗಂಟಿನಿಂದಲೇ ಸಂಜೆಗೊಂದರಂತೆ ಕೊಟ್ಟೆ. ನಾಲ್ಕನೆಯ ದಿನ ಬೆಳಿಗ್ಗೆ ಭೀಮ ಏಳಲಿಲ್ಲ. ಮಲಗಿದ್ದ ಗೋಣಿಚೀಲ ಕೆಂಪಾಗಿತ್ತು.

ಜಟಕಾದಲ್ಲಿ ಅಮ್ಮನೂ ಬಂದರು, ಯಾರೂ ಕರೆಯದೆ. ಭೀಮನ ತಲೆಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಅದರ ಕಿವಿ ಸವರುತ್ತ ಕುಳಿತರು. ನಾನು ಎದುರಿಗೆ, ಸಾಕ್ಷ್ಯದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು. ಹೆಬ್ಬಾಳದ ಕೆರೆ ಕಾಣುವಷ್ಟರಲ್ಲಿ ಅದರ ಉಸಿರು ಕೇಳಿಸುವುದೇ ಕಷ್ಟವಾಗಿತ್ತು. ದೇವರೇ, ಇದೊಂದನ್ನು ಉಳಿಸು ಎಂದುಕೊಂಡೆ. ದೇವರನ್ನು ನಾನು ಪರೀಕ್ಷೆಯಿಲ್ಲದೆ ನಂಬಿದ ಅಪರೂಪದ ಗಳಿಗೆ ಅದು.

ಡಾಕ್ಟರು ಸೂಜಿ ಚುಚ್ಚಿ, ಬಾಟಲಿಯಿಂದ ನೀರು ಇಳಿಯುವಂತೆ ಮಾಡಿ, ಆಮೇಲೆ ಏನು ಕೊಟ್ಟಿದ್ದೀರೆಂದು ಕೇಳಿದರು. ನಾನು ಗಂಟನ್ನು ಮುಂದಿಟ್ಟೆ. ಅವರು ಬಿಚ್ಚಿದರು. ಮುಖ ಹಿಂದಕ್ಕೆಳೆದುಕೊಂಡು, "ವಾಸನೆ ನೋಡ್ರೀ," ಎಂದು ನನ್ನ ಮೂಗಿಗೆ ಹಿಡಿದರು. ನೋಡಿದೆ. ಗೆಣಸಿನ ವಾಸನೆ. ಇನ್ನೇನೂ ಇರಲಿಲ್ಲ. "ಇಲ್ಲವಲ್ಲ ಡಾಕ್ಟ್ರೇ," ಎಂದೆ, ಸ್ವಲ್ಪ ಅವರನ್ನೇ ಶಂಕಿಸುತ್ತ. ಅವರು ಅದನ್ನು ಅಮ್ಮನ ಕಡೆಗೆ ಚಾಚಿದರು.

ಅಮ್ಮ ಮೂಸಿದರು. ಹಲವು ದಿನಗಳ ಮೇಲೆ ನನ್ನೊಡನೆ ಮಾತಾಡಿದರು. "ಇದು ನಿನ್ನ ವಾಸನೆ ಕಣೋ," ಎಂದರು. "ದಿನಾ ಸಾಯಂಕಾಲ ನೀನು ಬಾಗಿಲಿಗೆ ಬಂದಾಗ ಬರತ್ತಲ್ಲ, ಅದೇ."

ಯಂತ್ರದ ಎಣ್ಣೆ. ವೈಸಿನ ಹಲ್ಲುಗಳಿಗೆ ಮೆತ್ತಿದ್ದು, ಅರದ ಗೀರುಗಳಲ್ಲಿ ಲೋಹದ ಪುಡಿಯೊಡನೆ ಕುಳಿತಿದ್ದು, ವೇಸ್ಟ್ ಬಟ್ಟೆಯ ಎಳೆಎಳೆಯಲ್ಲೂ ಇಳಿದದ್ದು. ಹತ್ತು ವರ್ಷ ಅದರ ನಡುವೆಯೇ ಉಸಿರಾಡಿದ ನನ್ನ ಮೂಗಿಗೂ ನಾಲಗೆಗೂ ಅದು ಗಾಳಿಯಷ್ಟೇ ಸಹಜವಾಗಿಹೋಗಿತ್ತು. ಊರಿನಲ್ಲಿ ನಾನು ಶಂಕಿಸದೆ ಬಿಟ್ಟ ವಸ್ತು ಒಂದೇ ಒಂದು, ಅದು ನನ್ನ ಕೈ. ತಪಾಸಣೆಗೆ ಮುಂಚೆ ಅಮ್ಮನ ಮೊರದಿಂದ ನೇರವಾಗಿ ಭೀಮನ ಬಾಯಿಗೆ ಹೋದ ಹದಿನೈದು ದಿನದ ಗೆಣಸು ಅಮೃತದಂತಿತ್ತು. ಅಮ್ಮನ ಕಡೆ ನೋಡಲಾಗಲಿಲ್ಲ. ಅವರ ಕಾಲು ಹಿಡಿಯಬೇಕೆನ್ನಿಸಿತು, ಆದರೆ ಆ ಕಾಲುಗಳ ಹತ್ತಿರವೇ ಭೀಮ ಮಲಗಿತ್ತು, ಅದರ ಮುಖ ನೋಡುವ ಧೈರ್ಯವಿರಲಿಲ್ಲ.

"ನಾಯಿಗೆ ಮೂಗು ಚುರುಕಲ್ವೇ ಡಾಕ್ಟ್ರೇ," ಎಂದು ಕೇಳಿದೆ, ಇನ್ನೂ ಒಂದು ಪಾಲು ಅಪರಾಧವನ್ನಾದರೂ ಬೇರೆಯವರಿಗೆ ಹೊರಿಸುವ ಆಸೆಯಿಂದ. "ಇದಕ್ಕೆ ಗೊತ್ತಾಗ್ಲಿಲ್ವೇ?"

"ಮೊದಲ್ನೇ ದಿನಾನೇ ಗೊತ್ತಾಗಿರತ್ತೆ," ಎಂದರು ಡಾಕ್ಟರು, ಕೈ ತೊಳೆಯುತ್ತ. "ನೀವು ಕೊಟ್ರಿ, ತಿಂತು."

ಭೀಮ ಉಳಿಯಿತು. ಮೂರು ವಾರ ಗಂಜಿನೀರು, ಆಮೇಲೆ ಗಂಜಿ, ಆಮೇಲೆ ಬೆಂದ ಕುಂಬಳ. ಹಿತ್ತಲಿನಲ್ಲಿ ಮೊರ ಮತ್ತೆ ಬಿಸಿಲಿಗೆ ಬಂದ ದಿನ ನಾನು ಕಾರ್ಖಾನೆಗೆ ರಜೆ ಹಾಕಿದ್ದೆ. ಸೀಗೆಪುಡಿ ಹಾಕಿ ಕೈಯನ್ನು ಮೂರು ಸಲ ತಿಕ್ಕಿ ತೊಳೆದಿದ್ದರೂ ಬಾಗಿಲ ಬಳಿಯೇ ನಿಂತಿದ್ದೆ. ಅಮ್ಮ ಒಂದು ತುಂಡು ಆರಿಸಿ, ಭೀಮನಿಗೆ ತಾವೇ ಕೊಡುವರೆಂದುಕೊಂಡರೆ, ನನ್ನ ಕೈಯಲ್ಲಿಟ್ಟು, "ನೀನೇ ಕೊಡು, ನಿನ್ನೇ ಕಾಯ್ತಾ ಕೂತಿದೆ," ಎಂದರು. ನಾನು ಕುಕ್ಕರುಗಾಲಿನಲ್ಲಿ ಕುಳಿತು ಕೈ ಚಾಚಿದೆ. ಎಲುಬು ಕಾಣುತ್ತಿದ್ದ ಮೈಯನ್ನೆಲ್ಲ ಬಾಲದೊಡನೆ ಅಲ್ಲಾಡಿಸುತ್ತ ಭೀಮ ಬಂತು. "ಒಂದ್ಸಲ ಮೂಸಿ ನೋಡೋ," ಎಂದೆ. ಅದು ಮೂಸಲಿಲ್ಲ. ನನ್ನ ಮುಖವನ್ನೇ ನೋಡುತ್ತ ಬಾಯಿ ತೆರೆಯಿತು.