ರವೆ ಗೋಧಿಯಲ್ಲವಂತೆ

ನನ್ನ ಹೊಟ್ಟೆನೋವಿಗೆ ವರ್ಷಾನುಗಟ್ಟಲೆ ಒಂದೇ ಹೆಸರಿತ್ತು, ಗ್ಯಾಸ್ಟ್ರಿಕ್. ಯಶವಂತಪುರದ ನಮ್ಮ ಬೀದಿಯಲ್ಲಿ ಎದೆ ಹಿಡಿದರೂ ಗ್ಯಾಸ್ಟ್ರಿಕ್, ಮಂಡಿ ಹಿಡಿದರೂ ಗ್ಯಾಸ್ಟ್ರಿಕ್, ಗಂಡ ಮಾತು ಬಿಟ್ಟರೂ ಗ್ಯಾಸ್ಟ್ರಿಕ್. ನನಗೆ ತಿಂದದ್ದು ನಿಲ್ಲುತ್ತಿರಲಿಲ್ಲ, ಮೈಯಲ್ಲಿ ರಕ್ತವಿರಲಿಲ್ಲ, ರವಿಕೆಯ ತೋಳು ಜೋತುಬಿದ್ದಿತ್ತು. ಎಲ್ಲರೂ ಜೀರಿಗೆ ನೀರು ಕುಡಿಸಿದರು.

ಕಡೆಗೆ ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತ ತೆಗೆಸಿ, ಬಾಯಿಂದ ಪೈಪು ಬಿಟ್ಟು ನೋಡಿ, ಅದಕ್ಕೆ ಸೀಲಿಯಾಕ್ ಎಂದು ಬೇರೆ ಹೆಸರಿಟ್ಟಳು. ಗೋಧಿಯಲ್ಲಿ ಗ್ಲೂಟನ್ ಎಂಬುದೊಂದು ಇದೆಯಂತೆ, ಅದು ನನ್ನ ಕರುಳಿಗೆ ಆಗುವುದಿಲ್ಲವಂತೆ. ಒಂದು ಚೂರೂ ಆಗುವುದಿಲ್ಲ, ಸಾಯುವವರೆಗೂ ಆಗುವುದಿಲ್ಲ. ಮಾತ್ರೆ ಕೊಡಿ ಎಂದರೆ ಮಾತ್ರೆ ಇಲ್ಲ, ಬಾಯಿ ಕಟ್ಟುವುದೇ ಔಷಧಿ ಎಂದಳು. ನಾನು ಎದ್ದು ಹೊರಡುವಾಗ, ಇದು ವಂಶದಲ್ಲಿ ಬರುವ ಕಾಯಿಲೆ, ಮಕ್ಕಳಿಗೂ ಪರೀಕ್ಷೆ ಮಾಡಿಸಿ ಎಂದಳು.

ನನಗಿರುವುದು ಒಬ್ಬಳೇ ಮಗಳು. ವಿದ್ಯಾರಣ್ಯಪುರಕ್ಕೆ ಕೊಟ್ಟಿದ್ದೇನೆ. ಎರಡು ಹೆತ್ತವಳು, ಮುಖ ಸುಣ್ಣದ ಗೋಡೆಯಂತಾಗಿತ್ತು, ಕಬ್ಬಿಣದ ಮಾತ್ರೆ ನುಂಗಿ ನುಂಗಿ ಸಾಕಾಗಿತ್ತು. ಅವಳ ಅತ್ತೆ, ಅಂದರೆ ನನ್ನ ಬೀಗಿತ್ತಿ, ಸೊಸೆಗೆ ಶಕ್ತಿ ಬರಲೆಂದು ಎರಡು ಹೊತ್ತೂ ಚಪಾತಿ ಹಾಕುತ್ತಿದ್ದರು. ಪರೀಕ್ಷೆಯ ಮಾತೆತ್ತಿದರೆ ಮಗಳು, ಈಗ ಬೇಡ, ಹೊಸ ಮನೆಯ ಗೃಹಪ್ರವೇಶ ಮುಗಿಯಲಿ ಎನ್ನುತ್ತಿದ್ದಳು. ಹೆದರಿಕೆ ಸೂಜಿಯದಲ್ಲ, ಅತ್ತೆಯದು.

ಅಷ್ಟರಲ್ಲಿ ನನ್ನ ಕಾಯಿಲೆ ನೆಂಟರಲ್ಲಿ ಹರಡಿತು. ಗ್ಲೂಟನ್ ಎಂದು ನಾನು ಹೇಳಿದ್ದು ಅವರ ಕಿವಿಗೆ ಗ್ಲೂಕೋಸ್ ಎಂದು ಬಿತ್ತು. ಗ್ಲೂಕೋಸ್ ಅಂದರೆ ಸಕ್ಕರೆ ಕಾಯಿಲೆ. ಸಕ್ಕರೆ ಕಾಯಿಲೆಗೆ ಈ ಊರಿನಲ್ಲಿ ಒಂದೇ ಮದ್ದು, ಅನ್ನ ಬಿಡಿ, ಚಪಾತಿ ತಿನ್ನಿ. ಹೋದ ಹೋದ ಕಡೆ ಜನ ಪ್ರೀತಿಯಿಂದ ನನ್ನ ಎಲೆಯ ಅನ್ನ ತೆಗೆದು ವಿಷ ಬಡಿಸಿದರು. ಶತ್ರುವಾದರೆ ಜಗಳವಾಡಬಹುದು. ತುಪ್ಪ ಸವರಿದ ಚಪಾತಿ ಹಿಡಿದು ನಿಂತವರ ಜೊತೆ ಏನು ಜಗಳವಾಡುವುದು?

ಗೃಹಪ್ರವೇಶದ ದಿನ ಸತ್ಯನಾರಾಯಣ ಪೂಜೆ ಇತ್ತು. ಆ ಪೂಜೆಗೆ ಸಜ್ಜಿಗೆಯೇ ಪ್ರಸಾದ. ರವೆ, ತುಪ್ಪ, ಸಕ್ಕರೆ, ಹಾಲು, ಬಾಳೆಹಣ್ಣು. ಬೀಗಿತ್ತಿ ತಾವೇ ಕೈಯಾರೆ ನನಗೆ ಒಂದು ದೊನ್ನೆ ತಂದುಕೊಟ್ಟರು. ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟೆ. ಅವರು ಅದನ್ನು ನೋಡಿದರು. ಅವರ ನೆಂಟರೆಲ್ಲ ನೋಡಿದರು.

"ಯಾಕ್ರೀ, ನಮ್ಮನೆ ಪ್ರಸಾದ ಆಗಲ್ವಾ ನಿಮಗೆ?"

"ಗೋಧಿ ಆಗಲ್ಲ ಅಂತ ಹೇಳಿದ್ನಲ್ಲ ಬೀಗರೇ."

"ಇದ್ರಲ್ಲಿ ಗೋಧಿ ಎಲ್ಲಿದೆ? ಇದು ರವೆ."

ಚಪಾತಿಯಾದರೆ ಮಾತ್ರ ಗೋಧಿ ಎಂದು ಆ ಲೇಔಟಿನವರು ನಂಬಿದ್ದಾರೆ. ರವೆ ಆಕಾಶದಿಂದ ಉದುರುತ್ತದೆ, ಮೈದಾ ಫ್ಯಾಕ್ಟರಿಯಲ್ಲಿ ಆಗುತ್ತದೆ, ಶ್ಯಾವಿಗೆ ಪ್ಯಾಕೆಟ್ಟಿನೊಳಗೇ ಬೆಳೆಯುತ್ತದೆ. ಗೋಧಿಯನ್ನೇ ಒಡೆದು ರವೆ ಮಾಡುವುದು ಎಂದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನ ಮಾತು ಯಾರೂ ಒಪ್ಪಲಿಲ್ಲ. ಪ್ರಸಾದ ಬಿಟ್ಟು ಎದ್ದವರ ಹಡಗು ಮುಳುಗಿದ್ದನ್ನು ಈಗ ತಾನೇ ಪುರೋಹಿತರು ಪೂಜೆಯ ಕಥೆಯಲ್ಲಿ ಓದಲಿಲ್ಲವೇ ಎಂದು ಬೀಗಿತ್ತಿ ಕೇಳಿದರು. ನನ್ನ ಹತ್ತಿರ ಹಡಗಿಲ್ಲ, ಕರುಳು ಮಾತ್ರ ಇದೆ ಎಂದೆ. ಪುರೋಹಿತರು ನಗು ಬಂದದ್ದಕ್ಕೆ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.

ಬೀಗಿತ್ತಿ ಆಮೇಲೆ ದನಿ ಇಳಿಸಿ ಹೇಳಿದರು. ಅದು ಇನ್ನೂ ಕೆಟ್ಟದ್ದು.

"ನಿಮ್ಮ ಕಾಯಿಲೆ ನಿಮ್ಮನೇಲೇ ಇರ್ಲಿ, ನನ್ನ ಸೊಸೆ ತಲೆಗೆ ತುಂಬಬೇಡಿ. ಹೆಣ್ಣು ಕೊಡುವಾಗ ಇಲ್ದಿದ್ದು ಈಗೆಲ್ಲಿಂದ ಬಂತು?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಾನು ಹೇಳಿ ಬಸ್ಸು ಹತ್ತುತ್ತೇನೆ, ಅದನ್ನು ದಿನಾ ಉಣ್ಣಬೇಕಾದವಳು ಮಗಳು. ಸುಮ್ಮನಾದೆ. ನನ್ನನ್ನು ಬಲ್ಲವರು ಗಾಬರಿಯಾದರು.

ಮಗಳು ಸಾರಿನ ಬಕೀಟು ಹಿಡಿದು ಅಲ್ಲೇ ನಿಂತಿದ್ದಳು.

"ಅತ್ತೆ, ನನಗೂ ತಿಂದಿದ್ದು ನಿಲ್ಲಲ್ಲ. ಎರಡನೇದು ಹುಟ್ಟಿದಾಗಿಂದ ಹಿಂಗೇ. ನಿಮ್ಮ ಮುಂದೆ ಹೇಳಿಲ್ಲ, ಅಷ್ಟೇ. ಸೋಮವಾರ ಹೋಗಿ ರಕ್ತ ಕೊಟ್ಟು ಬರ್ತೀನಿ."

ಹೇಳಿ ಮುಂದಿನ ಎಲೆಗೆ ಸಾರು ಬಿಟ್ಟಳು. ಇರೋ ರಕ್ತವೇ ಇಷ್ಟು, ಅದ್ರಲ್ಲಿ ಕೊಡೋದು ಬೇರೆ ಎಂದು ಬೀಗಿತ್ತಿ ಗೊಣಗಿದರು. ಬೇಡ ಎನ್ನಲಿಲ್ಲ.

ಪರೀಕ್ಷೆ ಆಗುವವರೆಗೆ ಗೋಧಿ ಬಿಡಬಾರದು, ಬಿಟ್ಟರೆ ಕಾಯಿಲೆ ಕಾಣುವುದಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದಳು. ಹಾಗಾಗಿ ಎಲ್ಲ ಪರೀಕ್ಷೆ ಮುಗಿಯುವವರೆಗೂ ಚಪಾತಿ ತಿನ್ನು ಎಂದು ನಾನೇ ಮಗಳಿಗೆ ಹೇಳಿಬಂದೆ. ಅಲ್ಲಿಗೆ ತಾವು ಗೆದ್ದೆವೆಂದು ಬೀಗಿತ್ತಿ ಇನ್ನೆರಡು ಹೆಚ್ಚಿಗೆ ಹಾಕಿದರು.

ರಕ್ತದಲ್ಲೂ ಬಂತು, ಪೈಪಿನಲ್ಲೂ ಬಂತು. ಫೋನು ಮಾಡಿದವರು ಮಗಳಲ್ಲ, ಬೀಗಿತ್ತಿ. ತಪ್ಪಾಯಿತು ಎನ್ನುವ ಜಾತಿ ಅಲ್ಲ ಅವರು, ನಾನೂ ಅಲ್ಲ.

"ಶ್ಯಾವಿಗೆ?" ಎಂದರು.

"ಗೋಧಿ."

"ಬ್ರೆಡ್ಡು, ಬನ್ನು?"

"ಗೋಧಿ."

"ಇಂಗು?"

"ಅದಕ್ಕೂ ಹಿಟ್ಟು ಬೆರೆಸಿರ್ತಾರೆ. ಡಬ್ಬಿ ಮೇಲಿರೋದನ್ನ ಓದಿಸಿ."

"ಇನ್ನೇನ್ ಹಾಕ್ಲಿ ಅವಳಿಗೆ?"

"ಅನ್ನ ಹಾಕಿ. ರಾತ್ರಿಗೆ ಮುದ್ದೆ ಕೊಡಿ."

ಬೀಗಿತ್ತಿ ಮಾಕಳಿ ಹಳ್ಳಿಯಲ್ಲಿ ಮುದ್ದೆ ಉಂಡೇ ಬೆಳೆದವರು. ಲೇಔಟಿಗೆ ಬಂದ ಮೇಲೆ ಅದು ಕೂಲಿಯವರ ಊಟವಾಯಿತು. ಹೊಸ ಮನೆಗೆ ಸಾಮಾನು ಸಾಗಿಸುವಾಗ ಮುದ್ದೆ ಕೋಲನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು.

"ಕೋಲಿಲ್ಲ," ಎಂದರು.

"ತರ್ತೀನಿ," ಎಂದೆ.

ಮಾರನೇ ದಿನ ಮಿಲ್ಲಿನವನು ಯಾರ ಗೋಧಿಗೂ ಕೈಹಾಕುವ ಮೊದಲೇ ರಾಗಿ ಬೀಸಿಸಿಕೊಂಡು, ಕೋಲನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ಬೀಗಿತ್ತಿ ನನ್ನನ್ನು ಅವರ ಹೊಳೆಯುವ ಅಡುಗೆಮನೆಯ ಒಲೆ ಹತ್ತಿರಕ್ಕೂ ಬಿಡಲಿಲ್ಲ. ಸೆರಗು ಸಿಕ್ಕಿಸಿಕೊಂಡು, ಪಾತ್ರೆಯನ್ನು ನೆಲಕ್ಕಿಳಿಸಿ, ಕಾಲಲ್ಲಿ ಒತ್ತಿಹಿಡಿದು ತಾವೇ ತಿರುವಿದರು. ಮಗಳು ಒಂದು ಉಂಡು, ಇನ್ನರ್ಧ ಹಾಕಿಸಿಕೊಂಡಳು. ನಾನೂ ಮುರಿದು ನೋಡಿದೆ.

"ಗಂಟಾಗಿದೆ," ಎಂದೆ.

"ನಿಮ್ಮ ಹಿಟ್ಟು ಸರಿಯಿಲ್ಲ," ಎಂದರು.